ಮೇಷ್ಟ್ರನ್ನು ಕೇಳಿ: ಬೆಂಜ್ ಬೇರೆ, ಬೆಂಜೀನ್ ಬೇರೆ

ಜರ್ಮನ್ ಕಡೆಯಿಂದ ಬಂದ, ಕಿವಿಗೆ ಒಂದೇ ಥರ ಕೇಳಿಸುವ ಪದಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಪತ್ರಗಳು ಚೆನ್ನಾಗಿಯೇ ಬಂದಿವೆ. ಕೋಲಾರದವರಿಗೆ ಈ ಥರದ ಗೊಂದಲ ಹೊಸದೇನಲ್ಲ. ನಮ್ಮ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕೆಜಿಎಫ್‌ನಿಂದ ನೆಂಟರು ಬಂದರೆ ತಮಿಳು. ‘ಅವ್ವ’ ಎಂದರೆ ಕನ್ನಡದವರಿಗೆ ತಾಯಿ, ನಮ್ಮ ಮನೆಯ ತೆಲುಗಿನಲ್ಲಿ ಅಜ್ಜಿ. ಹಾಗಾಗಿ ಶಬ್ದ ಒಂದೇ ಇದ್ದರೆ ಅರ್ಥವೂ ಒಂದೇ ಎಂದು ಇಲ್ಲಿ ಯಾರೂ ಸುಲಭಕ್ಕೆ ನಂಬುತ್ತಿರಲಿಲ್ಲ. ವಾಟ್ಸಾಪ್ ಬಂದ ಮೇಲೆ ಮಾತ್ರ ಎಲ್ಲ ಪದಗಳೂ ಎಲ್ಲ ಪದಗಳಿಗೂ ನೆಂಟರಾಗಿಬಿಟ್ಟಿವೆ. ನಾನು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದವನು. ಯಾರಾದರೂ ಪದಗಳಿಗೆ ನೆಂಟಸ್ತನ ಕಟ್ಟಿದರೆ ನಾನು ಮೊದಲು ಕೇಳುವುದು ಇಸವಿ.

*ಮೇಷ್ಟ್ರೇ, ನಾನು ಕಾರು ಗ್ಯಾರೇಜ್ ಇಟ್ಟಿದ್ದೇನೆ. ಬೆಂಜ್ ಕಾರು ಮಾಡಿದವನ ಹೆಸರನ್ನೇ ಬೆಂಜೀನ್ ಎಂಬ ರಾಸಾಯನಿಕಕ್ಕೆ ಇಟ್ಟಿದ್ದಾರೆ ಎಂದು ಗಿರಾಕಿಯೊಬ್ಬರು ಹೇಳಿದರು. ಜರ್ಮನಿಯಲ್ಲಿ ಪೆಟ್ರೋಲಿಗೂ ‘ಬೆಂಜೀನ್’ ಅಂತಲೇ ಅಂತಾರಂತೆ. ಹೌದಾ?*
— ಗ್ಯಾರೇಜ್ ಮಾಲೀಕರು, ಕೋಲಾರ

ನಿಮ್ಮ ಗಿರಾಕಿ ಹೇಳಿದ್ದರಲ್ಲಿ ಅರ್ಧ ನಿಜ. ಜರ್ಮನಿಯಲ್ಲಿ ಪೆಟ್ರೋಲಿಗೆ ‘ಬೆಂಜೀನ್’ ಎಂದೇ ಹೆಸರು. ಆದರೆ ಕಾರಿನ ಬೆಂಜ್‌ಗೂ ಅದಕ್ಕೂ ಸಂಬಂಧ ಇಲ್ಲ. ಇಸವಿ ನೋಡಿ. ಮಿಚರ್ಲಿಕ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಆ ಹೆಸರು ಇಟ್ಟದ್ದು 1833ರಲ್ಲಿ. ಕಾರ್ಲ್ ಬೆಂಜ್ ಹುಟ್ಟಿದ್ದೇ 1844ರಲ್ಲಿ. ಹುಟ್ಟದ ಮಗುವಿನ ಹೆಸರನ್ನು ಯಾರೂ ಸೀಸೆಗೆ ಅಂಟಿಸುವುದಿಲ್ಲ, ಅಲ್ವಾ?

ಹಾಗಾದರೆ ಆ ಹೆಸರು ಎಲ್ಲಿಂದ ಬಂತು? ಸಾಂಬ್ರಾಣಿಯಿಂದ. ಸುಮ್ನೆ ಹೇಳುತ್ತಿಲ್ಲ. ಮಗುವಿಗೆ ಎಣ್ಣೆ ನೀರು ಹಾಕಿ, ಕೆಂಡದ ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ, ಒದ್ದೆ ಕೂದಲಿಗೆ ಹೊಗೆ ಹಿಡಿಯುತ್ತಾರಲ್ಲ, ಅದೇ ಸಾಂಬ್ರಾಣಿ. ದರ್ಗಾಗಳಲ್ಲಿ ಅದನ್ನೇ ಲೋಬಾನ ಎನ್ನುತ್ತಾರೆ. ಇದು ಸುಮಾತ್ರಾ ಕಡೆಯ ಒಂದು ಮರದ ಅಂಟು. ಅರಬ್ ವ್ಯಾಪಾರಿಗಳು ಇದಕ್ಕೆ ‘ಲುಬಾನ್ ಜಾವಿ’ ಎಂದರು, ಅಂದರೆ ಜಾವಾ ಕಡೆಯ ಧೂಪ. ಸರಕು ಯುರೋಪಿಗೆ ಹೋಯಿತು. ಅಲ್ಲಿಯ ದಕ್ಷಿಣದ ಭಾಷೆಗಳಲ್ಲಿ ‘ಲೊ’ ಎನ್ನುವುದು ಹೆಸರಿಗಿಂತ ಮೊದಲು ಬರುವ ಪುಟ್ಟ ಪದ, ಇಂಗ್ಲಿಷಿನ ‘ದಿ’ ಇದ್ದ ಹಾಗೆ. ಈ ‘ಲು’ ಕೂಡ ಅದೇ ಇರಬೇಕು ಎಂದುಕೊಂಡು ಅವರು ಅದನ್ನು ಕಿತ್ತುಹಾಕಿದರು. ಉಳಿದದ್ದು ‘ಬಾನ್ ಜಾವಿ’. ಅದು ಬೆಂಜುಯಿ ಆಯಿತು, ಆಮೇಲೆ ಬೆಂಜೋಯಿನ್ ಆಯಿತು. ಅವರು ಕಿತ್ತ ಆ ‘ಲು’ ನಮ್ಮ ಲೋಬಾನದಲ್ಲಿ ಈಗಲೂ ಇದೆ.

ಈ ಅಂಟಿನಿಂದ ತೆಗೆದ ಆಮ್ಲಕ್ಕೆ ಬೆಂಜೋಯಿಕ್ ಆಮ್ಲ ಎಂಬ ಹೆಸರು ಬಂತು. ಮಿಚರ್ಲಿಕ್ ಆ ಆಮ್ಲವನ್ನು ಸುಣ್ಣದ ಜೊತೆ ಕಾಯಿಸಿ ಭಟ್ಟಿ ಇಳಿಸಿದಾಗ ಒಂದು ದ್ರವ ಸಿಕ್ಕಿತು. ಬೆಂಜೋಯಿಕ್‌ನಿಂದ ಬಂದದ್ದಕ್ಕೆ ಬೆಂಜೀನ್ ಎಂದ. ಅದೇ ದ್ರವವನ್ನು 1825ರಲ್ಲೇ ಲಂಡನ್ನಿನಲ್ಲಿ ಮೈಕಲ್ ಫ್ಯಾರಡೆ ಬೇರ್ಪಡಿಸಿದ್ದ. ಅವನು ಇಟ್ಟ ಹೆಸರು ಎಷ್ಟು ಉದ್ದ ಇತ್ತೆಂದರೆ ಯಾರ ಬಾಯಲ್ಲೂ ನಿಲ್ಲಲಿಲ್ಲ. ಮುಂದೆ ಜರ್ಮನ್ನರು ಆ ರಾಸಾಯನಿಕಕ್ಕೆ ‘ಬೆಂಜೋಲ್’ ಎಂದು ಹೆಸರು ಬದಲಿಸಿಕೊಂಡರು. ಬೆಂಜೀನ್ ಎಂಬ ಹೆಸರನ್ನು ಪೆಟ್ರೋಲಿಗೆ ಕೊಟ್ಟರು. ಅದಕ್ಕೇ ನಿಮ್ಮ ಗಿರಾಕಿಗೆ ಗೊಂದಲ ಆಗಿದೆ.

ಬೆಂಜ್ ಎನ್ನುವುದು ಬರೀ ಮನೆತನದ ಹೆಸರು. ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಗಾಡಿಗೆ 1886ರ ಜನವರಿಯಲ್ಲಿ ಪೇಟೆಂಟ್ ಅರ್ಜಿ ಹಾಕಿದ. ಗಾಡಿ ಇದೆ, ಕೊಳ್ಳುವವರಿಲ್ಲ. 1888ರ ಆಗಸ್ಟ್‌ನಲ್ಲಿ ಅವನ ಹೆಂಡತಿ ಬೆರ್ತಾ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ಹೇಳದೆ, ಮಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಆ ಗಾಡಿಯಲ್ಲೇ ಹೊರಟಳು. ನೂರು ಕಿಲೋಮೀಟರಿನ ದಾರಿ. ಇಂಧನ ತೀರಿತು. ಪೆಟ್ರೋಲ್ ಬಂಕ್ ಎಲ್ಲಿಂದ ಬರಬೇಕು? ವೀಸ್‌ಲಾಕ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯಲು ಇಟ್ಟಿದ್ದ ಲಿಗ್ರೋಯಿನ್ ಎಂಬ ದ್ರವ ಕೊಂಡು ತುಂಬಿಸಿದಳು. ದಾರಿಯಲ್ಲಿ ಇಂಧನದ ಪೈಪ್ ಕಟ್ಟಿಕೊಂಡಾಗ ಟೋಪಿಯ ಪಿನ್ನು ತೂರಿಸಿ ಬಿಡಿಸಿದಳು. ನಿಮ್ಮ ಗ್ಯಾರೇಜಿನಲ್ಲಿ ಒಂದು ಫೋಟೋ ಹಾಕುವುದಾದರೆ ಗಂಡನದ್ದಲ್ಲ, ಈಕೆಯದ್ದು ಹಾಕಿ.

*ವರಮಹಾಲಕ್ಷ್ಮಿ ಹಬ್ಬಕ್ಕೆಂದು ಜರ್ಮನ್ ಸಿಲ್ವರ್ ತಟ್ಟೆ, ಕುಂಕುಮದ ಬಟ್ಟಲು ತಂದೆ. ನಮ್ಮತ್ತೆ ‘ಸಿಲ್ವರ್ ಪಾತ್ರೆ ದೇವರಿಗೆ ಬೇಡ’ ಅಂದರು. ಇದು ಬೆಳ್ಳಿಯಾ, ಅಲ್ಯೂಮಿನಿಯಮ್ಮಾ, ಜರ್ಮನಿಯದ್ದಾ?*
— ಗೃಹಿಣಿ, ಚಿಂತಾಮಣಿ

ಅಮ್ಮಾ, ನಮ್ಮ ಕಡೆ ಅಲ್ಯೂಮಿನಿಯಂ ಪಾತ್ರೆಗೆ ಸಿಲ್ವರ್ ಪಾತ್ರೆ ಎನ್ನುತ್ತಾರೆ. ನಿಮ್ಮತ್ತೆ ಹೇಳಿದ್ದು ಅದನ್ನು. ಜರ್ಮನ್ ಸಿಲ್ವರ್ ಬೇರೆ. ಅದರಲ್ಲಿ ಬೆಳ್ಳಿಯೂ ಇಲ್ಲ, ಅಲ್ಯೂಮಿನಿಯಮ್ಮೂ ಇಲ್ಲ. ತಾಮ್ರ, ನಿಕ್ಕಲ್, ಸತು ಸೇರಿಸಿ ಮಾಡಿದ ಮಿಶ್ರಲೋಹ. ಚೀನಾದವರು ಮೊದಲಿಂದ ಮಾಡುತ್ತಿದ್ದ ಬಿಳಿ ಲೋಹವನ್ನು ನೋಡಿ ಜರ್ಮನ್ನರು 1820ರ ದಶಕದಲ್ಲಿ ತಾವೂ ಮಾಡಿದರು. ಹೆಸರು ಮಾತ್ರ ಜರ್ಮನಿಗೆ ಉಳಿಯಿತು. ಈಗ ಅಂಗಡಿಯಲ್ಲಿ ಆ ಹೆಸರಿನಲ್ಲಿ ಮಾರುವುದೆಲ್ಲ ಅದೇ ಮಿಶ್ರಣ ಎಂದು ನಾನು ಪ್ರಮಾಣ ಮಾಡಲಾರೆ.

ನಿಕ್ಕಲ್ ಎನ್ನುವುದು ಜರ್ಮನ್ ಗಣಿ ಕೆಲಸಗಾರರ ಬೈಗುಳ. ಸ್ಯಾಕ್ಸನಿಯ ಗಣಿಗಳಲ್ಲಿ ಕೆಂಪಗೆ, ತಾಮ್ರದ ಅದಿರಿನಂತೆ ಕಾಣುವ ಕಲ್ಲು ಸಿಗುತ್ತಿತ್ತು. ಎಷ್ಟು ಕಾಯಿಸಿದರೂ ಒಂದು ಗುಲಗಂಜಿ ತಾಮ್ರ ಬರುತ್ತಿರಲಿಲ್ಲ. ಯಾವುದೋ ಗುಮ್ಮ ತಾಮ್ರ ಕದ್ದು ಮೋಸ ಮಾಡಿದೆ ಎಂದು ಅದಕ್ಕೆ ‘ಕುಪ್ಫರ್‌ನಿಕ್ಕಲ್’ ಎಂದು ಹೆಸರಿಟ್ಟರು. ಕುಪ್ಫರ್ ಎಂದರೆ ತಾಮ್ರ. ನಿಕ್ಕಲ್ ಎಂದರೆ ನಿಕೋಲಸ್ ಹೆಸರಿನ ಮೊಟಕು, ತರಲೆ ಗುಮ್ಮನಿಗೆ ಇಟ್ಟ ಹೆಸರು. ಸ್ವೀಡನ್ನಿನ ಕ್ರೋನ್‌ಸ್ಟೆಟ್ 1751ರಲ್ಲಿ ಆ ಕಲ್ಲಿನಿಂದ ಹೊಸ ಲೋಹ ತೆಗೆದ. ತಾಮ್ರವನ್ನು ಬಿಟ್ಟು ಗುಮ್ಮನ ಹೆಸರನ್ನಷ್ಟೇ ಇಟ್ಟುಕೊಂಡ. ಕೋಬಾಲ್ಟ್ ಎಂಬ ಲೋಹದ ಕಥೆಯೂ ಹಾಗೇ. ‘ಕೋಬೋಲ್ಡ್’ ಎಂದರೆ ಗಣಿಯ ಗುಮ್ಮ. ಆ ಅದಿರಿನಲ್ಲಿ ಆರ್ಸೆನಿಕ್ ಇರುತ್ತಿತ್ತು. ಕಾಯಿಸಿದಾಗ ಏಳುವ ವಿಷದ ಹೊಗೆಗೆ ಜನ ಕಾಯಿಲೆ ಬೀಳುತ್ತಿದ್ದರು. ಅದಕ್ಕೆ ಗುಮ್ಮನ ಮೇಲೆ ಸಿಟ್ಟು.

ತಟ್ಟೆಯಲ್ಲಿ ಗುಮ್ಮ ಇದೆ ಎಂದು ಮಾತ್ರ ಅತ್ತೆಗೆ ಹೇಳಬೇಡಿ.

*ನಾವು ಕಂಪನಿ ಕ್ವಾರ್ಟರ್ಸ್‌ನಲ್ಲಿ ಬೆಳೆದವರು. ಗಣಿಯಲ್ಲಿ ಕ್ವಾರ್ಟ್ಸ್, ಸಂಜೆ ಕ್ವಾರ್ಟರ್. ಈಗ ಮೊಮ್ಮಗಳು ಫಿಸಿಕ್ಸ್‌ನಲ್ಲಿ ಕ್ವಾರ್ಕ್ ಓದುತ್ತಿದ್ದಾಳೆ. ಇವೆಲ್ಲ ಒಂದೇ ಬಳ್ಳಿಯವಾ?*
— ನಿವೃತ್ತ ಗಣಿ ಕಾರ್ಮಿಕರು, ರಾಬರ್ಟ್‌ಸನ್‌ಪೇಟೆ

ಅಣ್ಣಾ, ನಿಮ್ಮ ಪ್ರಶ್ನೆ ಓದಿ ನಕ್ಕೆ. ಪ್ರಶ್ನೆ ಮಾತ್ರ ಭರ್ಜರಿಯಾಗಿದೆ.

ಮೊದಲು ಕ್ವಾರ್ಟರ್ಸ್, ಕ್ವಾರ್ಟರ್ ಎರಡನ್ನೂ ಪಕ್ಕಕ್ಕೆ ಇಡಿ. ಅವು ಲ್ಯಾಟಿನ್ನಿನ ‘ನಾಲ್ಕನೆಯದು’ ಎಂಬ ಪದದಿಂದ ಬಂದವು. ಊರನ್ನು, ದಂಡಿನ ಪಾಳೆಯವನ್ನು ಭಾಗ ಮಾಡಿದಾಗ ಒಂದೊಂದು ಭಾಗ ಕ್ವಾರ್ಟರ್. ಆಮೇಲೆ ಅಲ್ಲಿ ವಾಸ ಮಾಡುವ ಜಾಗವೇ ಕ್ವಾರ್ಟರ್ಸ್. ಸಂಜೆಯದು 180 ಎಂ.ಎಲ್., ಮುಕ್ಕಾಲು ಲೀಟರಿನ ಬಾಟಲಿಯ ಕಾಲು ಭಾಗಕ್ಕೆ ಹತ್ತಿರ. ಇವೆರಡೂ ಅಣ್ಣತಮ್ಮಂದಿರು. ಜರ್ಮನ್ ಅಲ್ಲ.

ಕ್ವಾರ್ಟ್ಸ್ ಜರ್ಮನ್. ನಮ್ಮ ಬೆಣಚುಕಲ್ಲು. ನಿಮಗೆ ಹೇಳಬೇಕಾಗಿಲ್ಲ, ಕೋಲಾರದ ಚಿನ್ನ ಸಿಕ್ಕಿದ್ದು ಬೆಣಚುಕಲ್ಲಿನ ಪಟ್ಟಿಗಳ ಒಳಗೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವ ಹೊತ್ತಿಗೆ ಆ ಪಟ್ಟಿಯ ಬೆನ್ನು ಹತ್ತಿ ಮೂರು ಕಿಲೋಮೀಟರಿಗಿಂತ ಜಾಸ್ತಿ ಕೆಳಗೆ ಹೋಗಿದ್ದರು. ಅಂತರಗಂಗೆ ಬೆಟ್ಟದ ಬುಡದಲ್ಲಿ ಹುಡುಗರು ಎರಡು ಬೆಣಚುಕಲ್ಲು ಆರಿಸಿ, ಕತ್ತಲ ಕೋಣೆಗೆ ಹೋಗಿ ಗರಗರ ಉಜ್ಜುವುದನ್ನು ನೀವೂ ನೋಡಿರುತ್ತೀರಿ. ಕಲ್ಲಿನ ಒಳಗೇ ಕಿತ್ತಳೆ ಬಣ್ಣದ ಬೆಳಕು ಮಿನುಗುತ್ತದೆ, ಮೂಗಿಗೆ ಸುಟ್ಟ ವಾಸನೆ ಬಡಿಯುತ್ತದೆ. ತರಗತಿಯಲ್ಲಿ ನಾನು ಕಿಟಕಿ ಮುಚ್ಚಿಸಿ ಇದನ್ನು ಮಾಡಿಸುತ್ತಿದ್ದೆ. ಇಡೀ ವರ್ಷದ ಪಾಠದಲ್ಲಿ ಹುಡುಗರು ನೆನಪಿಟ್ಟುಕೊಂಡದ್ದು ಇದೊಂದೇ ಇರಬೇಕು. ಗೋಡೆ ಗಡಿಯಾರದ ಮೇಲೆ ಬರೆದಿರುವ ಕ್ವಾರ್ಟ್ಸ್ ಕೂಡ ಇದೇ ಕಲ್ಲಿನ ಹರಳು. ಬ್ಯಾಟರಿಯ ಕರೆಂಟಿಗೆ ಅದು ಸೆಕೆಂಡಿಗೆ 32,768 ಸಲ ಅದುರುತ್ತದೆ. ಗಡಿಯಾರ ಅದನ್ನು ಎಣಿಸಿ ಮುಳ್ಳು ತಳ್ಳುತ್ತದೆ.

ಈಗ ಮೊಮ್ಮಗಳ ಕ್ವಾರ್ಕ್. ಅಣುವಿನ ಒಳಗಿನ ಕಣಕ್ಕೆ ಅಮೆರಿಕದ ಮರ್ರಿ ಗೆಲ್‌ಮನ್ 1964ರಲ್ಲಿ ಈ ಹೆಸರು ಕೊಟ್ಟ. ಸದ್ದು ಅವನ ತಲೆಯಲ್ಲಿ ಮೊದಲೇ ಇತ್ತು, ಕಾಗುಣಿತ ಒಂದು ಕಾದಂಬರಿಯಲ್ಲಿ ಸಿಕ್ಕಿತು. ಆದರೆ ಜರ್ಮನಿಯ ಅಂಗಡಿಯಲ್ಲಿ ಕ್ವಾರ್ಕ್ ಎಂದು ಕೇಳಿದರೆ ಡಬ್ಬಿಯಲ್ಲಿ ಗಟ್ಟಿ ಮೊಸರಿನಂಥದ್ದು ಕೊಡುತ್ತಾರೆ. ‘ಎಂಥ ಕ್ವಾರ್ಕ್!’ ಎಂದರೆ ‘ಎಂಥ ಕೆಲಸಕ್ಕೆ ಬಾರದ ಮಾತು’ ಎಂದೂ ಅರ್ಥ. ಭಾಷಾ ಪಂಡಿತರು ಹೇಳುವ ಪ್ರಕಾರ ಈ ಮೊಸರಿನ ಕ್ವಾರ್ಕ್, ಕಲ್ಲಿನ ಕ್ವಾರ್ಟ್ಸ್ ಎರಡೂ ಜರ್ಮನಿಯ ಪಕ್ಕದ ಸ್ಲಾವಿಕ್ ಭಾಷೆಗಳಿಂದ ಬಂದವು. ಪೋಲೆಂಡಿನಲ್ಲಿ ಗಿಣ್ಣಿಗೆ ‘ತ್ವಾರುಗ್’, ಗಟ್ಟಿ ಎನ್ನುವುದಕ್ಕೆ ‘ತ್ವಾರ್ಡಿ’. ಎರಡರಲ್ಲೂ ಮೊದಲಿನ ‘ತ್ವಾ’ ಜರ್ಮನ್ನರ ಬಾಯಲ್ಲಿ ‘ಕ್ವಾ’ ಆಯಿತು. ರಕ್ತ ಸಂಬಂಧ ಇಲ್ಲ, ಬಂದ ಬಾಗಿಲು ಮಾತ್ರ ಒಂದೇ.

*ಹೀರೋಯಿನ್, ಹೆರಾಯಿನ್ ಎರಡೂ ಒಂದೇ ಪದವಾ ಸರ್? ಕನ್ನಡ ಪೇಪರಿನಲ್ಲಿ ಓದುವಾಗ ನಗು ಬರುತ್ತದೆ.*
— ಪಿಯುಸಿ ವಿದ್ಯಾರ್ಥಿನಿ, ಮುಳಬಾಗಿಲು

ಇವೆರಡಕ್ಕೆ ತಲೆ ಒಂದೇ, ಬಾಲ ಬೇರೆ. ಇಬ್ಬರಿಗೂ ತಲೆ ಗ್ರೀಕ್‌ನ ‘ಹೀರೋ’. ಸಿನಿಮಾದ ಹೀರೋಯಿನ್‌ನ ಬಾಲದಲ್ಲಿ ಇರುವುದು ಹೆಣ್ಣು ಎಂದು ತಿಳಿಸುವ ಪ್ರತ್ಯಯ. ಹೆರಾಯಿನ್‌ನ ಬಾಲದಲ್ಲಿ ಇರುವುದು ಔಷಧಿಗಳಿಗೆ ಅಂಟಿಸುವ ‘ಇನ್’, ಆಸ್ಪಿರಿನ್‌ನಲ್ಲಿ ಇರುವಂಥದ್ದು.

ಹೆರಾಯಿನ್ ಎಂಬ ಮದ್ದನ್ನು ಮೊದಲು ಮಾಡಿದವನು ಲಂಡನ್ನಿನ ಆಲ್ಡರ್ ರೈಟ್, 1874ರಲ್ಲಿ. ಯಾರೂ ಗಮನಿಸಲಿಲ್ಲ. ಜರ್ಮನಿಯ ಬೇಯರ್ ಕಂಪನಿಯ ಫೆಲಿಕ್ಸ್ ಹಾಫ್‌ಮನ್ 1897ರ ಆಗಸ್ಟ್‌ನಲ್ಲಿ ಆಸ್ಪಿರಿನ್ ಮಾಡಿದ. ಎರಡೇ ವಾರದೊಳಗೆ ಇದನ್ನೂ ಮಾಡಿದ. ಕುಡಿದವರಿಗೆ ಶೂರರಾದ ಹಾಗೆ ಅನಿಸಿತು ಎಂದು 1898ರಲ್ಲಿ ಹೆರಾಯಿನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಯಾವುದಕ್ಕೆ ಗೊತ್ತಾ? ಕೆಮ್ಮಿಗೆ. ಒಬ್ಬನೇ ಮನುಷ್ಯ, ಒಂದೇ ಲ್ಯಾಬು. ಒಂದು ಮಾತ್ರೆ ಇವತ್ತಿಗೂ ಮೆಡಿಕಲ್ ಶಾಪಿನಲ್ಲಿ ಇದೆ. ಇನ್ನೊಂದನ್ನು ಇಟ್ಟುಕೊಂಡರೆ ಜೈಲು.

*ನೂಡಲ್ಸ್ ಚೀನಾ ಪದ ಎಂದು ನಾನು, ಅಲ್ಲ ಎಂದು ತಂಗಿ. ಪೂಡ್ಲ್ ನಾಯಿ, ಗೂಗಲ್ ಡೂಡ್ಲ್ ಇವುಗಳಿಗೂ ಇದಕ್ಕೂ ಏನಾದರೂ ಇದೆಯಾ?*
— ಒಂಬತ್ತನೇ ತರಗತಿ, ಬಂಗಾರಪೇಟೆ

ತಂಗಿ ಗೆದ್ದಳು. ತಿಂಡಿ ಚೀನಾದ್ದು, ಹೆಸರು ಜರ್ಮನ್. ‘ನೂಡೆಲ್’ ಎಂದರೆ ಅವರ ಶ್ಯಾವಿಗೆ. 18ನೇ ಶತಮಾನದಲ್ಲಿ ಇಂಗ್ಲಿಷಿಗೆ ಹೋಯಿತು. ಆಮೇಲೆ ಇಂಗ್ಲಿಷರು ಚೀನಾದ ಶ್ಯಾವಿಗೆ ನೋಡಿದಾಗ ಕೈಗೆ ಸಿಕ್ಕ ಹೆಸರನ್ನೇ ಅಂಟಿಸಿದರು. ಅವರು ಮೊದಲು ಕೋಲಾರಕ್ಕೆ ಬಂದು ರಾಗಿ ಒತ್ತು ಶ್ಯಾವಿಗೆ ತಿಂದಿದ್ದರೆ ಅದಕ್ಕೂ ನೂಡಲ್ಸ್ ಎನ್ನುತ್ತಿದ್ದರು.

ಪೂಡ್ಲ್ ಕೂಡ ಜರ್ಮನ್. ‘ಪೂಡೆಲ್‌ನ್’ ಎಂದರೆ ನೀರಿನಲ್ಲಿ ದಬದಬ ಬಡಿಯುವುದು. ಈಗ ಸೋಫಾ ಮೇಲೆ ಕೂರುವ ಈ ನಾಯಿಯ ಹಿರಿಯರು ಬೇಟೆಯವರ ಜೊತೆ ಹೋಗಿ, ನೀರಿಗೆ ಬಿದ್ದ ಬಾತುಕೋಳಿ ಎತ್ತಿಕೊಂಡು ಬರುತ್ತಿದ್ದವು. ಡೂಡ್ಲ್ ಉತ್ತರ ಜರ್ಮನಿಯ ಆಡುಮಾತಿನಿಂದ ಬಂದದ್ದು, ಅರ್ಥ ಪೆದ್ದ. ಕೂತಲ್ಲಿ ಸುಮ್ನೆ ಗೀಚುವುದು ಎಂಬ ಅರ್ಥ ಸೇರಿಕೊಂಡದ್ದು ಕಳೆದ ಶತಮಾನದಲ್ಲಿ. ನೋಟ್‌ಬುಕ್ಕಿನ ಕೊನೇ ಪುಟ ನೋಡಿ ಮೇಷ್ಟ್ರು ಬೈದರೆ ಎರಡೂ ಅರ್ಥ ಒಟ್ಟಿಗೆ ಸಲ್ಲುತ್ತದೆ.

*ನಮ್ಮ ಕುಳ್ಳ ಕಾಲಿನ ನಾಯಿಗೆ ಎಲ್ಲರೂ ‘ಡ್ಯಾಶ್’ ಅಂತಾರೆ. ಓಡುವುದೇ ಇಲ್ಲ!*
— ತೋಟದ ಮಾಲೀಕರು, ಶ್ರೀನಿವಾಸಪುರ

ಓಡುವುದು ಅದರ ಕೆಲಸ ಅಲ್ಲ. ಅದು ‘ಡಾಕ್ಸ್‌ಹುಂಡ್’. ಡಾಕ್ಸ್ ಎಂದರೆ ಬ್ಯಾಡ್ಜರ್ ಎಂಬ ಬಿಲವಾಸಿ ಪ್ರಾಣಿ, ಹುಂಡ್ ಎಂದರೆ ನಾಯಿ. ಬಿಲಕ್ಕೆ ನುಗ್ಗಲಿ ಎಂದೇ ಕಾಲು ಕುಳ್ಳ. ಜೋರಾಗಿ ಓಡು ಎಂಬ ಅರ್ಥದ ಇಂಗ್ಲಿಷಿನ ಡ್ಯಾಶ್‌ಗೂ ಇದಕ್ಕೂ ಏನೂ ಇಲ್ಲ. ನಿಮ್ಮ ಮಾವಿನ ತೋಟದಲ್ಲಿ ಹೆಗ್ಗಣದ ಬಿಲ ತೋರಿಸಿ, ಆಗ ನೋಡಿ ಅದರ ಉತ್ಸಾಹ.

*ಡಾಲರ್ ಎನ್ನುವುದು ಮೊದಲು ‘ಥಾಲರ್’ ಇತ್ತಂತೆ. ಅದು ನಮ್ಮ ‘ತಾಳಿ’ಯಿಂದ ಹೋದದ್ದು ಎಂದು ಒಂದು ಮೆಸೇಜ್ ಬಂದಿದೆ. ನಮ್ಮ ಅಂಗಡಿಯಲ್ಲಿ ತಾಳಿಯೂ ಇದೆ, ಸರದ ಡಾಲರ್ರೂ ಇದೆ. ನಿಜ ಇರಬಹುದಾ?*
— ಚಿನ್ನದ ಅಂಗಡಿಯವರು, ಶಿಡ್ಲಘಟ್ಟ

ಇಲ್ಲ. ಆ ಮೆಸೇಜ್ ಅಳಿಸಿಬಿಡಿ.

ಈಗ ಚೆಕ್ ದೇಶದಲ್ಲಿರುವ ಯಾಕಿಮೋವ್ ಊರಿಗೆ ಜರ್ಮನ್ನರು ಇಟ್ಟಿದ್ದ ಹೆಸರು ಯೋಆಕಿಮ್ಸ್‌ತಾಲ್, ಸಂತ ಯೋಆಕಿಮನ ಕಣಿವೆ. ‘ತಾಲ್’ ಎಂದರೆ ಕಣಿವೆ. ಅಲ್ಲಿ ಬೆಳ್ಳಿ ಗಣಿ ಸಿಕ್ಕಿತು. 1520ರ ಹೊತ್ತಿಗೆ ಅಲ್ಲಿಯ ಪಾಳೆಯಗಾರರು ದೊಡ್ಡ ಬೆಳ್ಳಿ ನಾಣ್ಯ ಹೊಡೆಸಿದರು. ಜನ ಅದನ್ನು ‘ಯೋಆಕಿಮ್ಸ್‌ತಾಲರ್’ ಎಂದರು. ಮೈಸೂರಿನ ಪಾಕಕ್ಕೆ ಮೈಸೂರುಪಾಕು ಅಂದ ಹಾಗೆ, ಊರಿನ ಹೆಸರೇ ವಸ್ತುವಿನ ಹೆಸರು. ಉದ್ದ ಆಯಿತೆಂದು ಮುಂದಿನದು ಬಿಟ್ಟು ತಾಲರ್ ಎಂದರು. ಡಚ್ಚರ ಕಡೆಯಿಂದ ಇಂಗ್ಲಿಷಿಗೆ ಬರುವಾಗ ಡಾಲರ್ ಆಯಿತು. ಅಮೆರಿಕ ಎಂಬ ದೇಶ ಹುಟ್ಟುವುದಕ್ಕೆ ಎರಡು ಶತಮಾನಕ್ಕೂ ಮೊದಲೇ ಇಂಗ್ಲಿಷಿನಲ್ಲಿ ಈ ಪದ ಇತ್ತು. ನಾಣ್ಯದಂತೆ ದುಂಡಗಿರುವ ಪದಕಕ್ಕೆ ನಾವು ಅದೇ ಹೆಸರು ಕೊಟ್ಟಿದ್ದೇವೆ. ತಾಳಿಯ ಪಕ್ಕದಲ್ಲಿ ಅದು ಕೂತಿರುವುದು ನಿಮ್ಮ ಶೋಕೇಸಿನಲ್ಲಿ ಮಾತ್ರ.

ಆ ಗಣಿಯಲ್ಲಿ ಬೆಳ್ಳಿಯ ಜೊತೆ ಕಪ್ಪಗಿನ ಒಂದು ಕಲ್ಲೂ ಬರುತ್ತಿತ್ತು. ಬೆಳ್ಳಿ ಇಲ್ಲವೆಂದು ಎಸೆಯುತ್ತಿದ್ದರು. ಹೆಸರು ಪೆಕ್‌ಬ್ಲೆಂಡೆ. ‘ಬ್ಲೆಂಡೆ’ ಎಂದರೆ ಕಣ್ಣಿಗೆ ಮಣ್ಣೆರಚುವಂಥದ್ದು. ಟೀ ಪುಡಿಯ ಬ್ಲೆಂಡ್‌ಗೂ ಇದಕ್ಕೂ ಸಂಬಂಧ ಇಲ್ಲ, ಅದು ಬೆರಕೆಯ ಬ್ಲೆಂಡ್. ಅದೇ ಊರಿನಿಂದ ಮೂಟೆಗಟ್ಟಲೆ ತರಿಸಿದ ಪೆಕ್‌ಬ್ಲೆಂಡೆಯ ಚರಟದಲ್ಲಿ ಮೇರಿ ಕ್ಯೂರಿ ದಂಪತಿ ರೇಡಿಯಂ ಹುಡುಕಿದರು. 1898ರಲ್ಲಿ ಅದರ ಪತ್ತೆಯಾಯಿತು. ಚಿನ್ನ ತೆಗೆದು ಎಸೆದ ಮಣ್ಣಿನ ಗುಡ್ಡೆಗಳಾದ ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ನೋಡಿದಾಗಲೆಲ್ಲ ನನಗೆ ಆ ಎಸೆದ ಕಲ್ಲುಗಳು ನೆನಪಾಗುತ್ತವೆ.

ತಾಲ್ ಇನ್ನೊಂದು ಕಡೆಯೂ ಇದೆ: ನಿಯಾಂಡರ್ತಾಲ್. 1856ರಲ್ಲಿ ಡುಸೆಲ್‌ಡಾರ್ಫ್ ಹತ್ತಿರದ ನಿಯಾಂಡರ್ ಕಣಿವೆಯಲ್ಲಿ ಕಲ್ಲು ಒಡೆಯುವವರಿಗೆ ಹಳೆಯ ಮೂಳೆಗಳು ಸಿಕ್ಕವು. ಕಣಿವೆಗೆ ಆ ಹೆಸರು ಬಂದದ್ದು 17ನೇ ಶತಮಾನದ ಒಬ್ಬ ಪಾದ್ರಿಯಿಂದ. ಅವನ ಹೆಸರೂ ಯೋಆಕಿಮ್, ಯೋಆಕಿಮ್ ನಿಯಾಂಡರ್! ಮನೆತನದ ಹೆಸರು ಮೊದಲು ನಾಯ್‌ಮನ್ ಇತ್ತು, ಅಂದರೆ ಹೊಸ ಮನುಷ್ಯ. ಅದನ್ನು ಗ್ರೀಕ್ ಮಾಡಿಕೊಂಡು ನಿಯಾಂಡರ್ ಎಂದು ಇಟ್ಟುಕೊಂಡಿದ್ದರು. ಹಳೇ ಕಾಲದ ಮನುಷ್ಯ ಸಿಕ್ಕಿದ್ದು ‘ಹೊಸ ಮನುಷ್ಯನ ಕಣಿವೆ’ಯಲ್ಲಿ. ಇಂಥದ್ದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ ನೋಡಿ.

*ಎಲ್‌ಕೆಜಿ, ಯುಕೆಜಿಯ ‘ಕೆಜಿ’ ಏನು? ಮಗಳು ಕಿಲೋಗ್ರಾಂ ಅಂತಾಳೆ.*
— ತಾಯಿ, ಗೌರಿಬಿದನೂರು

ಬ್ಯಾಗಿನ ತೂಕ ನೋಡಿದರೆ ಮಗು ಹೇಳುವುದೇ ಸರಿ. ಆದರೆ ಅದು ಕಿಂಡರ್‌ಗಾರ್ಟನ್. ಫ್ರೋಬೆಲ್ ಎಂಬ ಜರ್ಮನ್ ಶಿಕ್ಷಕ 1840ರಲ್ಲಿ ಇಟ್ಟ ಹೆಸರು. ಕಿಂಡರ್ ಎಂದರೆ ಮಕ್ಕಳು, ಗಾರ್ಟನ್ ಎಂದರೆ ತೋಟ. ಬೋರ್ಡುಗಳಲ್ಲಿ ‘ಗಾರ್ಡನ್’ ಎಂದು ಬರೆಯುತ್ತಾರೆ, ಅದು ಇಂಗ್ಲಿಷ್. ಫ್ರೋಬೆಲ್ ಹೇಳಿದ್ದು ಮಕ್ಕಳು ಆಡಿ ಕಲಿಯಲಿ ಎಂದು. ಮೂರು ವರ್ಷದ ಕೂಸಿಗೆ ಹೋಂವರ್ಕ್ ಕೊಡಿ ಎಂದು ಅವನು ಎಲ್ಲೂ ಹೇಳಿಲ್ಲ.

*ನನ್ನ ಮಗ ಜರ್ಮನಿಯ ಫ್ಯಾಕ್ಟರಿಯಲ್ಲಿದ್ದಾನೆ. ಡ್ರಮ್ಮಿನ ಮೇಲೆ ‘ಗಿಫ್ಟ್’ ಎಂದು ಬರೆದು ತಲೆಬುರುಡೆ ಚಿತ್ರ ಹಾಕಿದ್ದಾರಂತೆ!*
— ರೈತರು, ಮಾಲೂರು

ಮುಟ್ಟಬೇಡ ಎಂದು ಇವತ್ತೇ ಫೋನ್ ಮಾಡಿ. ಜರ್ಮನ್‌ನಲ್ಲಿ ಗಿಫ್ಟ್ ಎಂದರೆ ವಿಷ. ಇಂಗ್ಲಿಷಿನ ಗಿಫ್ಟ್ ಜರ್ಮನಿಯಿಂದ ಬಂದದ್ದಲ್ಲ, ಆದರೆ ಎರಡಕ್ಕೂ ಬೇರು ಒಂದೇ: ‘ಕೊಡುವುದು’. ಔಷಧಿ ಕೊಡುವುದು ಎಂಬಲ್ಲಿಂದ ಜಾರಿ ವಿಷ ಕೊಡುವುದಕ್ಕೆ ಬಂತು. ನಮ್ಮ ‘ಮದ್ದು’ ಹಾಗೇ ಅಲ್ಲವೇ? ಕೆಮ್ಮಿಗೂ ಮದ್ದು, ‘ಅವಳಿಗೆ ಯಾರೋ ಮದ್ದು ಹಾಕಿದ್ದಾರೆ’ ಎಂಬುದಕ್ಕೂ ಮದ್ದು. ಜರ್ಮನ್‌ನಲ್ಲಿ ಹಳೆಯ ಅರ್ಥ ಉಳಿದಿರುವುದು ‘ಮಿಟ್‌ಗಿಫ್ಟ್’ ಎಂಬಲ್ಲಿ. ಅರ್ಥ ವರದಕ್ಷಿಣೆ. ಅದನ್ನು ಉಡುಗೊರೆ ಎನ್ನಬೇಕೋ ವಿಷ ಎನ್ನಬೇಕೋ, ಹೆಣ್ಣು ಹೆತ್ತವರನ್ನು ಕೇಳಿ.

*ಕಿಟೆಲ್ ನಿಘಂಟಿನ ಕಿಟೆಲ್‌ಗೂ ಟೀ ಕೆಟಲ್‌ಗೂ ಸಂಬಂಧ ಇದೆಯಾ?*
— ಕನ್ನಡ ಎಂ.ಎ. ವಿದ್ಯಾರ್ಥಿ, ಚಿಕ್ಕಬಳ್ಳಾಪುರ

ಇಲ್ಲ ತಮ್ಮಾ. ಜರ್ಮನ್‌ನಲ್ಲಿ ಕಿಟೆಲ್ ಎಂದರೆ ಕೆಲಸ ಮಾಡುವಾಗ ಮೇಲೆ ಹಾಕಿಕೊಳ್ಳುವ ಅಂಗಿ. ಡಾಕ್ಟರ ಬಿಳಿ ಕೋಟು, ಲ್ಯಾಬಿನ ಕೋಟು ಎರಡೂ ಕಿಟೆಲ್. ಟೀ ಕೆಟಲ್ ಮೂಲ ಲ್ಯಾಟಿನ್, ಜರ್ಮನ್ನರ ಬಾಯಲ್ಲಿ ಅದು ‘ಕೆಸೆಲ್’. ಫರ್ಡಿನಾಂಡ್ ಕಿಟೆಲ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು, ಸುಮಾರು 70,000 ಪದ. ಎಂ.ಎ. ಓದುತ್ತಿದ್ದೀರಿ, ಲೈಬ್ರರಿಯಲ್ಲಿ ಅದನ್ನು ಕೈಗೆ ತೆಗೆದುಕೊಂಡು ನೋಡಿ. ಒಂದು ಪದಕ್ಕೆ ತೆಲುಗಿನಲ್ಲಿ ಏನು, ತಮಿಳಿನಲ್ಲಿ ಏನು ಎಂದು ಅಲ್ಲಲ್ಲೇ ಕೊಟ್ಟಿದ್ದಾನೆ ಪುಣ್ಯಾತ್ಮ.

ಪಗಾರ, ಚಾವಿ, ಮೇಜು, ಅಲಮಾರು ಬಗ್ಗೆ ಬಂದ ಪತ್ರಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಅವುಗಳಲ್ಲಿ ಪೋರ್ಚುಗೀಸರದ್ದು ಯಾವುದು, ಪರ್ಷಿಯನ್ ಭಾಷೆಯದ್ದು ಯಾವುದು, ಅಷ್ಟರಲ್ಲಿ ನೀವೇ ಒಂದು ಕೈ ನೋಡಿ.